ವೆಬ್‌ಸೈಟಿಗೆ ಬಂದವರ ಮಾಹಿತಿ ಅನಲಿಟಿಕ್ಸ್ ಕಂಪನಿಗಳಿಗೆ ಸೋರದಂತೆ ತಡೆಯುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅನಲಿಟಿಕ್ಸ್ ಕಂಪನಿ ಎಂದರೆ ಸೈಟಿಗೆ ಎಷ್ಟು ಜನ ಬಂದರು, ಏನು ನೋಡಿದರು ಎಂದು ಲೆಕ್ಕ ಇಡುವ ಹೊರಗಿನ ಸಂಸ್ಥೆ. ಅವರಿಗೆ ಮಾಹಿತಿ ಸೋರದಂತೆ ತಡೆಯಲು ಕೈಹಾಕುವವರು ಸಾಮಾನ್ಯವಾಗಿ ಶುರು ಮಾಡುವುದೇ ಕುಕೀ ಬ್ಯಾನರಿನಿಂದ. ಕುಕೀ ಎಂದರೆ ಸೈಟು ಓದುಗರ ಬ್ರೌಸರಿನಲ್ಲಿ ಇಡುವ ಪುಟ್ಟ ಗುರುತಿನ ಕಡತ. ‘ನಾವು ಕುಕೀ ಬಳಸುತ್ತೇವೆ, ಒಪ್ಪಿಗೆಯೇ?’ ಎಂಬ ಪಟ್ಟಿ ಪುಟದ ಕೆಳಗೆ ಬಂತು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸೈಟುಗಳಲ್ಲಿ ಆ ಪಟ್ಟಿ ಕಣ್ಣಿಗೆ ಬೀಳುವ ಹೊತ್ತಿಗೆ ಓದುಗರ ಮಾಹಿತಿ ಆಗಲೇ ಹೊರಗೆ ಹೋಗಿರುತ್ತದೆ. ಕೊಡದ ತಳದಲ್ಲಿ ತೂತಿರುವಾಗ ಬಾಯಿಗೆ ಮುಚ್ಚಳ ಹಾಕಿ ಏನು ಪ್ರಯೋಜನ?

ಹಿಂದೊಮ್ಮೆ ಪರಿಚಯದವರ ಒಂದು ಚಿಕ್ಕ ಕ್ಲಿನಿಕ್ಕಿನ ಸೈಟ್ ನೋಡಿಕೊಡಲು ಕೂತಿದ್ದೆ. ಬ್ಯಾನರ್ ಚೆನ್ನಾಗಿಯೇ ಇತ್ತು. ಅಪಾಯಿಂಟ್‌ಮೆಂಟ್ ಫಾರ್ಮ್ ತುಂಬಿ ಕಳಿಸಿದರೆ ‘ಧನ್ಯವಾದ’ ಪುಟ ಬರುತ್ತಿತ್ತು. ಮೇಲೆ ವಿಳಾಸಪಟ್ಟಿ ನೋಡಿದರೆ, ಪ್ರಶ್ನಾರ್ಥಕ ಚಿಹ್ನೆಯ ನಂತರ ಹೆಸರು, ಮೊಬೈಲ್ ನಂಬರ್, ‘ಏನು ತೊಂದರೆ’ ಎಂಬುದಕ್ಕೆ ಕೊಟ್ಟ ಉತ್ತರ ಮೂರೂ ಸಾಲಾಗಿ ಕೂತಿದ್ದವು. ಆ ಪುಟದಲ್ಲಿ ಎರಡು ಕಂಪನಿಗಳ ಟ್ರ್ಯಾಕರ್, ಅಂದರೆ ಓದುಗರ ಓಡಾಟ ಗಮನಿಸಿ ತಿಳಿಸುವ ಕೋಡ್, ಇತ್ತು. ಪುಟದ ಪೂರ್ತಿ ವಿಳಾಸ ಇಬ್ಬರಿಗೂ ಹೋಗುತ್ತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ, ಯಾರೂ ತೆರೆದು ನೋಡಿರಲಿಲ್ಲ ಅಷ್ಟೇ.

ಅದಕ್ಕೇ ಇಲ್ಲಿ ಹಂತಗಳ ಕ್ರಮ ಮುಖ್ಯ. ಮೊದಲು ನೋಡುವುದು, ಆಮೇಲೆ ಕೀಳುವುದು, ಆಮೇಲೆ ಸರಿಪಡಿಸುವುದು. ಬ್ಯಾನರಿನ ಸರದಿ ಅದೆಲ್ಲ ಆದ ಮೇಲೆ.

ಮೊದಲು ಇಷ್ಟು ಜೋಡಿಸಿಕೊಳ್ಳಿ

ಒಂದು ಲ್ಯಾಪ್‌ಟಾಪ್ ಬೇಕು, ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಕ್ರೋಮ್ ಬ್ರೌಸರ್ ಇರಲಿ. ಸೈಟಿನ ಅಡ್ಮಿನ್ ಲಾಗಿನ್, ಅನಲಿಟಿಕ್ಸ್ ಖಾತೆಯ ಲಾಗಿನ್, ಟ್ಯಾಗ್ ಮ್ಯಾನೇಜರ್ (ಇಂಥ ಕೋಡುಗಳನ್ನು ಒಂದೇ ಕಡೆಯಿಂದ ಸೈಟಿಗೆ ಸೇರಿಸುವ ಸಲಕರಣೆ) ಇದ್ದರೆ ಅದರದ್ದೂ ಕೈಯಲ್ಲಿರಲಿ. ಸೈಟಿನ ಪೂರ್ತಿ ಬ್ಯಾಕಪ್ ತೆಗೆದಿಡಿ. ಒಂದು ನೋಟ್‌ಬುಕ್ಕು, ಪೆನ್ನು. ಚಿಕ್ಕ ಸೈಟಾದರೆ ಒಂದು ಮಧ್ಯಾಹ್ನ ಸಾಕು.

ಹಂತ 1: ಏನೇನು ಹೊರಗೆ ಹೋಗುತ್ತಿದೆ ಎಂದು ಕಣ್ಣಾರೆ ನೋಡಿ

ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಎಫ್12 ಒತ್ತಿ. ‘ನೆಟ್‌ವರ್ಕ್’ ಟ್ಯಾಬಿಗೆ ಹೋಗಿ. ಅಲ್ಲಿ ‘ಪ್ರಿಸರ್ವ್ ಲಾಗ್’ ಎಂಬ ಚೌಕಕ್ಕೆ ಟಿಕ್ ಹಾಕಿ. ಇದನ್ನು ಮರೆತರೆ, ಫಾರ್ಮ್ ಕಳಿಸಿ ಹೊಸ ಪುಟ ಬಂದ ತಕ್ಷಣ ಹಿಂದಿನ ಪಟ್ಟಿ ಅಳಿಸಿಹೋಗುತ್ತದೆ. ಈಗ ನಿಮ್ಮ ಸೈಟಿನ ವಿಳಾಸ ಹಾಕಿ ಎಂಟರ್ ಒತ್ತಿ. ಬ್ಯಾನರ್ ಬಂದರೆ ಮುಟ್ಟಬೇಡಿ.

ಕೆಳಗೆ ಸಾಲುಸಾಲಾಗಿ ಕೋರಿಕೆಗಳು, ಅಂದರೆ ಬ್ರೌಸರ್ ಬೇರೆ ಬೇರೆ ಸರ್ವರುಗಳಿಗೆ ಕಳಿಸುವ ಸಂದೇಶಗಳು, ಬೀಳುತ್ತವೆ. ಪಟ್ಟಿಯ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೊಮೇನ್’ ಕಾಲಮ್ ಸೇರಿಸಿಕೊಳ್ಳಿ. ನಿಮ್ಮದಲ್ಲದ ಪ್ರತಿ ಡೊಮೇನನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗೂಗಲ್ ಅನಲಿಟಿಕ್ಸ್, ಗೂಗಲ್ ಟ್ಯಾಗ್ ಮ್ಯಾನೇಜರ್, ಫೇಸ್‌ಬುಕ್, ಕ್ಲಾರಿಟಿ, ಹಾಟ್‌ಜಾರ್, ಗೂಗಲ್ ಫಾಂಟ್ಸ್, ಯೂಟ್ಯೂಬ್ ಸಾಮಾನ್ಯವಾಗಿ ಸಿಗುವ ಹೆಸರುಗಳು. ‘ಇದು ಯಾರು ಹಾಕಿದ್ದು?’ ಅನ್ನುವಂಥದ್ದು ಒಂದಾದರೂ ಸಿಗಬಹುದು. ಅದರ ಪಕ್ಕ ಗುರುತು ಹಾಕಿ.

ಇದೇ ಹಂತದಲ್ಲಿ ಜಾಸ್ತಿ ಜನ ಎಡವುವುದು ಮೂರು ಕಡೆ. ಒಂದು, ಆಡ್ ಬ್ಲಾಕರ್ ಚಾಲೂ ಇಟ್ಟುಕೊಂಡು ನೋಡುವುದು. ಅದು ಟ್ರ್ಯಾಕರುಗಳನ್ನು ತಡೆದಿರುತ್ತದೆ, ನಿಮಗೆ ಎಲ್ಲ ಸ್ವಚ್ಛ ಅನ್ನಿಸುತ್ತದೆ. ಎರಡು, ಫೈರ್‌ಫಾಕ್ಸಿನ ಖಾಸಗಿ ಕಿಟಕಿ ಅಥವಾ ಬ್ರೇವ್ ಬಳಸುವುದು. ಇವೂ ತಾವಾಗಿಯೇ ಟ್ರ್ಯಾಕರುಗಳನ್ನು ತಡೆಯುತ್ತವೆ. ಮೂರು, ಅಡ್ಮಿನ್ ಆಗಿ ಲಾಗಿನ್ ಆಗಿರುವಾಗಲೇ ಪರೀಕ್ಷಿಸುವುದು. ಎಷ್ಟೋ ವರ್ಡ್‌ಪ್ರೆಸ್ ಪ್ಲಗಿನ್‌ಗಳು ಅಡ್ಮಿನ್ನನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬಂದ ಓದುಗರಿಗೆ ಆಗುವುದೇ ಬೇರೆ, ನಿಮಗೆ ಕಾಣುವುದೇ ಬೇರೆ.

ಹಂತ 2: ಸುಳ್ಳು ನಂಬರ್ ಹಾಕಿ ಸೋರಿಕೆ ಹಿಡಿಯಿರಿ

ಈ ಹಂತಕ್ಕೆ ಸಮಯ ಕೊಡಿ. ದೊಡ್ಡ ತೂತುಗಳು ಸಿಗುವುದು ಇಲ್ಲೇ.

ನೆಟ್‌ವರ್ಕ್ ಟ್ಯಾಬಿನ ಫಿಲ್ಟರ್ ಪೆಟ್ಟಿಗೆಯಲ್ಲಿ ‘ಕಲೆಕ್ಟ್’ (collect) ಎಂಬ ಇಂಗ್ಲಿಷ್ ಪದ ಟೈಪ್ ಮಾಡಿ. ಗೂಗಲ್ ಅನಲಿಟಿಕ್ಸ್‌ಗೆ ಹೋಗುವ ಕೋರಿಕೆಗಳು ಉಳಿಯುತ್ತವೆ, ಕ್ಲಾರಿಟಿಯಂಥವರದ್ದೂ ಸೇರಿರಬಹುದು. ಗೂಗಲ್ಲಿನದೊಂದನ್ನು ಕ್ಲಿಕ್ ಮಾಡಿ ‘ಪೇಲೋಡ್’ ತೆರೆಯಿರಿ. ಅಲ್ಲಿ ಎರಡು ಮೂರು ಅಕ್ಷರದ ಚಿಕ್ಕ ಹೆಸರುಗಳ ಪಟ್ಟಿ ಇರುತ್ತದೆ. ‘ಡಿಎಲ್’ ಎಂದರೆ ಪುಟದ ಪೂರ್ತಿ ವಿಳಾಸ. ‘ಡಿಟಿ’ ಪುಟದ ಶೀರ್ಷಿಕೆ. ‘ಡಿಆರ್’ ಎಂದರೆ ಓದುಗರು ಯಾವ ಪುಟದಿಂದ ಬಂದರು ಎಂಬುದು. ‘ಯುಎಲ್’ ಬ್ರೌಸರಿನ ಭಾಷೆ, ‘ಎಸ್‌ಆರ್’ ಪರದೆಯ ಅಳತೆ. ‘ಸಿಐಡಿ’ ಎಂಬುದು ಆ ಬ್ರೌಸರಿಗೆ ಕೊಟ್ಟ ಗುರುತಿನ ಸಂಖ್ಯೆ. ಅದು ಕುಕೀಯಲ್ಲಿ ಉಳಿಯುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ಗೂಗಲ್ ಆ ಕುಕೀಗೆ ಕೊಡುವ ಆಯಸ್ಸು 2 ವರ್ಷ, ಕ್ರೋಮ್ ಮಾತ್ರ ಅದನ್ನು 400 ದಿನಕ್ಕೆ ಮಿತಿಗೊಳಿಸುತ್ತದೆ.

ಈಗ ಸೈಟಿನಲ್ಲಿರುವ ಪ್ರತಿ ಫಾರ್ಮನ್ನೂ ಸುಳ್ಳು ವಿವರದಿಂದ ತುಂಬಿ ಕಳಿಸಿ. ಮೊಬೈಲ್ ನಂಬರಿನ ಜಾಗದಲ್ಲಿ 1234512345 ಹಾಕಿ. ಹುಡುಕು ಪೆಟ್ಟಿಗೆಯಲ್ಲೂ ಅದನ್ನೇ ಹಾಕಿ ಹುಡುಕಿ. ಪಾಸ್‌ವರ್ಡ್ ಮರೆತಿದ್ದೇನೆ, ಸುದ್ದಿಪತ್ರ ಬೇಡ, ಎರಡೂ ಕೊಂಡಿಗಳನ್ನು ಒತ್ತಿ ನೋಡಿ. ಆಮೇಲೆ ಫಿಲ್ಟರ್ ಅಳಿಸಿ, ಕಂಟ್ರೋಲ್ ಮತ್ತು ಎಫ್ ಒತ್ತಿ ಆ ಸಂಖ್ಯೆಯನ್ನು ಹುಡುಕಿ. ಹೊರಗಿನ ಯಾವುದಾದರೂ ಡೊಮೇನಿಗೆ ಹೋದ ಕೋರಿಕೆಯಲ್ಲಿ ಅದು ಸಿಕ್ಕರೆ, ನಿಜವಾದ ಓದುಗರ ನಂಬರೂ ಹೀಗೇ ಹೋಗುತ್ತಿದೆ ಎಂದರ್ಥ.

ಪದ ಬಿಟ್ಟು ಸಂಖ್ಯೆಯನ್ನೇ ಹಾಕಿ ಎನ್ನುವುದಕ್ಕೆ ಕಾರಣ ಇದೆ, ಮತ್ತು ಇದು ಕನ್ನಡ ಸೈಟುಗಳನ್ನು ಜಾಸ್ತಿ ಕಾಡುವ ವಿಷಯ. ಕನ್ನಡ ಅಕ್ಷರ ವಿಳಾಸದೊಳಗೆ ಹಾಗೆಯೇ ಹೋಗುವುದಿಲ್ಲ. ಪ್ರತಿ ಅಕ್ಷರವೂ ಶೇಕಡಾ ಚಿಹ್ನೆ, ಇ0, ಶೇಕಡಾ ಚಿಹ್ನೆ, ಬಿ2 ಅಥವಾ ಬಿ3 ಎಂಬಂಥ ಸರಮಾಲೆಯಾಗುತ್ತದೆ. ಯಾರೋ ನಿಮ್ಮ ಸೈಟಿನಲ್ಲಿ ‘ಗರ್ಭಪಾತ’ ಎಂದು ಹುಡುಕಿದರೆ ಆ ಪದ ನಿಮಗೆ ಪದವಾಗಿ ಕಾಣುವುದೇ ಇಲ್ಲ, ಉದ್ದನೆಯ ಕಸದ ಹಾಗೆ ಕಾಣುತ್ತದೆ. ನೋಡುವವರು ‘ಏನೋ ಕೋಡ್ ಇರಬೇಕು’ ಎಂದು ಮುಂದೆ ಹೋಗುತ್ತಾರೆ. ಆ ಕಡೆಯ ಸರ್ವರಿಗೆ ಮಾತ್ರ ಅದು ಸ್ಪಷ್ಟ ಕನ್ನಡ. ಅಂಕಿಗಳು ಹಾಗೆ ಬದಲಾಗುವುದಿಲ್ಲ, ಅದಕ್ಕೇ ಹುಡುಕಲು ಸುಲಭ.

ಒಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಹುಡುಕಾಟದ ಫಲಿತಾಂಶದ ಪುಟಕ್ಕೆ ಹುಡುಕಿದ ಪದವೇ ಶೀರ್ಷಿಕೆಯಲ್ಲಿ ಬರುತ್ತದೆ. ಹಾಗಾಗಿ ‘ಡಿಎಲ್’ ನೋಡಿ ನಿಲ್ಲಿಸಬೇಡಿ, ‘ಡಿಟಿ’ಯನ್ನೂ ನೋಡಿ.

ಹಂತ 3: ಬೇಡದ್ದನ್ನು ಕಿತ್ತುಹಾಕಿ

ನೋಟ್‌ಬುಕ್ಕಿನ ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ಒಂದೇ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಈ ಸೇವೆಯ ವರದಿ ತೆರೆದು ಏನಾದರೂ ತೀರ್ಮಾನ ಮಾಡಿದ್ದೀರಾ? ಇಲ್ಲ ಅಂದರೆ ತೆಗೆಯಿರಿ. ಮುಂದೆ ಬೇಕಾಗಬಹುದು ಎಂದು ಸುಮ್ನೆ ಇಟ್ಟುಕೊಳ್ಳುವುದರಿಂದ ನಿಮಗೆ ಲಾಭವಿಲ್ಲ, ಓದುಗರಿಗೆ ಮಾತ್ರ ನಷ್ಟ.

ತೆಗೆಯುವಾಗ ನಾಲ್ಕು ಜಾಗ ಹುಡುಕಬೇಕು: ಥೀಮಿನ ಹೆಡರ್, ಪ್ಲಗಿನ್‌ಗಳ ಪಟ್ಟಿ, ‘ಕೋಡ್ ಸೇರಿಸುವ’ ಪ್ಲಗಿನ್ನಿನ ಪೆಟ್ಟಿಗೆ, ಟ್ಯಾಗ್ ಮ್ಯಾನೇಜರ್. ಹಳೆಯ ಏಜೆನ್ಸಿ ಹಾಕಿಬಿಟ್ಟುಹೋದ ಟ್ಯಾಗುಗಳು ಸಿಗುವುದು ಈ ಕೊನೆಯದರಲ್ಲೇ. ಅಲ್ಲಿ ಟ್ಯಾಗನ್ನು ಮೊದಲು ‘ಪಾಜ್’ ಮಾಡಿ (ತಾತ್ಕಾಲಿಕವಾಗಿ ನಿಲ್ಲಿಸಿ), ಒಂದು ವಾರ ನೋಡಿ, ಆಮೇಲೆ ಅಳಿಸಿ. ಬದಲಾವಣೆ ಮಾಡಿ ‘ಸಬ್ಮಿಟ್’ ಒತ್ತದಿದ್ದರೆ ಸೈಟಿನಲ್ಲಿ ಏನೂ ಬದಲಾಗುವುದಿಲ್ಲ. ಹಾಗೆಯೇ ಪುಟಗಳ ಪ್ರತಿ ಕೂಡಿಡುವ ಕ್ಯಾಶ್ (cache) ಪ್ಲಗಿನ್ ಇದ್ದರೆ ಅದನ್ನು ಖಾಲಿ ಮಾಡಿ. ಇಲ್ಲದಿದ್ದರೆ ತೆಗೆದ ಕೋಡ್ ಹಳೆಯ ಪ್ರತಿಯಲ್ಲಿ ದಿನಗಟ್ಟಲೆ ಬದುಕಿರುತ್ತದೆ.

ಫೇಸ್‌ಬುಕ್ ಪಿಕ್ಸೆಲ್, ಅಂದರೆ ಸೈಟಿನಲ್ಲಿ ಹಾಕುವ ಅವರ ಟ್ರ್ಯಾಕರ್, ಬಗ್ಗೆ ಒಂದು ಮಾತು. ಅದರಲ್ಲಿ ‘ಆಟೋಮ್ಯಾಟಿಕ್ ಅಡ್ವಾನ್ಸ್ಡ್ ಮ್ಯಾಚಿಂಗ್’ ಎಂಬ ಸೌಲಭ್ಯ ಇದೆ. ಅದು ಚಾಲೂ ಇದ್ದರೆ ಫಾರ್ಮಿನಲ್ಲಿ ತುಂಬಿದ ಇಮೇಲ್, ಫೋನ್ ನಂಬರುಗಳನ್ನು ಎತ್ತಿಕೊಂಡು ಹ್ಯಾಶ್ ಮಾಡಿ, ಅಂದರೆ ಲೆಕ್ಕ ಹಾಕಿ ಬೇರೊಂದು ಅಕ್ಷರಸಾಲಾಗಿ ಬದಲಿಸಿ, ಕಳಿಸುತ್ತದೆ. ಹ್ಯಾಶ್ ಮಾಡಿದರೆ ಗುರುತು ಸಿಗುವುದಿಲ್ಲ ಎಂದು ನಂಬಬೇಡಿ. ಹೊಂದಿಸಿ ನೋಡಲೆಂದೇ ಅದನ್ನು ಕಳಿಸುವುದು ಅಲ್ವಾ? ಅಮೆರಿಕದಲ್ಲಿ ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ 2022ರಲ್ಲಿ ಅಲ್ಲಿನ 100 ಮುಂಚೂಣಿ ಆಸ್ಪತ್ರೆಗಳ ಸೈಟುಗಳನ್ನು ಪರೀಕ್ಷಿಸಿದಾಗ 33ರಲ್ಲಿ ಈ ಪಿಕ್ಸೆಲ್ ಸಿಕ್ಕಿತ್ತು. ಆರೋಗ್ಯ, ಸಾಲ, ಮದುವೆ ಸಂಬಂಧ, ಕಾನೂನು ಸಲಹೆ: ಈ ನಾಲ್ಕರಲ್ಲಿ ಯಾವುದರ ಸೈಟಾದರೂ ಪಿಕ್ಸೆಲ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಲಾರಿಟಿ, ಹಾಟ್‌ಜಾರ್ ಥರ ಪರದೆಯ ಓಡಾಟ ದಾಖಲಿಸುವ ಸೇವೆಗಳನ್ನು ಫಾರ್ಮ್ ಇರುವ ಪುಟಗಳಿಂದ ತೆಗೆಯಿರಿ.

ಅನಲಿಟಿಕ್ಸ್ ಅಲ್ಲದಿದ್ದರೂ ಓದುಗರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವರ ಸಂಪರ್ಕದ ಸಂಖ್ಯೆ) ಹೊರಗೆ ಕೊಡುವ ಎರಡು ಸಾಮಾನುಗಳಿವೆ. ಮೊದಲನೆಯದು ಗೂಗಲ್ ಸರ್ವರಿನಿಂದ ಎಳೆಯುವ ಫಾಂಟ್. ಇದಕ್ಕಾಗಿಯೇ ಜರ್ಮನಿಯ ಮ್ಯೂನಿಕ್ ಕೋರ್ಟು 2022ರ ಜನವರಿಯಲ್ಲಿ ಒಬ್ಬ ಸೈಟ್ ಮಾಲೀಕರಿಂದ 100 ಯೂರೋ ಪರಿಹಾರ ಕಟ್ಟಿಸಿತು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯ ಫಾಂಟುಗಳು. ಡೌನ್‌ಲೋಡ್ ಮಾಡಿ ನಿಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಿ. ಎರಡನೆಯದು ಯೂಟ್ಯೂಬ್ ವಿಡಿಯೊ. ಎಂಬೆಡ್ ಮಾಡುವಾಗ ‘ಪ್ರೈವಸಿ ಎನ್‌ಹಾನ್ಸ್ಡ್’ ಆಯ್ಕೆಗೆ ಟಿಕ್ ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ಚಿತ್ರ ಹಾಕಿ ಅದರ ಮೇಲೆ ಕೊಂಡಿ ಕೊಡುವುದು.

ಹಂತ 4: ವಿಳಾಸ ಮತ್ತು ಶೀರ್ಷಿಕೆಯನ್ನು ಸ್ವಚ್ಛ ಮಾಡಿ

ಅನಲಿಟಿಕ್ಸ್ ಸೆಟ್ಟಿಂಗಿಗೆ ಹೋಗುವ ಮುಂಚೆ ಇದನ್ನು ಮುಗಿಸಿ. ವಿಳಾಸದಲ್ಲಿ ಕೂತ ವಿವರ ಅನಲಿಟಿಕ್ಸಿಗೆ ಮಾತ್ರ ಹೋಗುವುದಿಲ್ಲ. ಬ್ರೌಸರಿನ ಹಿಸ್ಟರಿ, ನಿಮ್ಮ ಸರ್ವರಿನ ಲಾಗ್, ಯಾರೋ ವಾಟ್ಸಾಪಿನಲ್ಲಿ ಹಂಚಿದ ಕೊಂಡಿ, ಎಲ್ಲ ಕಡೆಯೂ ಉಳಿಯುತ್ತದೆ.

ಫಾರ್ಮುಗಳ ಕೋಡಿನಲ್ಲಿ ಮೆಥಡ್ ‘ಗೆಟ್’ ಇದ್ದರೆ ‘ಪೋಸ್ಟ್’ ಮಾಡಿ. ‘ಗೆಟ್’ ತುಂಬಿದ ವಿವರವನ್ನು ವಿಳಾಸಕ್ಕೆ ಸೇರಿಸುತ್ತದೆ, ‘ಪೋಸ್ಟ್’ ಸೇರಿಸುವುದಿಲ್ಲ. ಕಳಿಸಿದ ಮೇಲೆ ಯಾವ ವಿವರವೂ ಇಲ್ಲದ ಸಾದಾ ವಿಳಾಸದ ಧನ್ಯವಾದ ಪುಟಕ್ಕೆ ಕಳಿಸಿ. ‘ಧನ್ಯವಾದ, ರಮೇಶ್’ ಎಂದು ಹೆಸರು ತೋರಿಸುವ ಆಸೆಗೇ ಎಷ್ಟೋ ಸೈಟುಗಳು ಹೆಸರನ್ನು ವಿಳಾಸದಲ್ಲಿ ಹೊತ್ತು ತರುತ್ತವೆ. ಬರೀ ‘ಧನ್ಯವಾದ’ ಸಾಕು.

ಹುಡುಕಾಟದ ಪುಟದ ಶೀರ್ಷಿಕೆಯನ್ನು ‘ಹುಡುಕಾಟದ ಫಲಿತಾಂಶ’ ಎಂದಷ್ಟೇ ಬರುವಂತೆ ಎಸ್‌ಇಒ ಪ್ಲಗಿನ್ನಿನಲ್ಲಿ ಬದಲಿಸಿ. ಪಾಸ್‌ವರ್ಡ್ ಬದಲಿಸುವ ಪುಟ, ಬಿಲ್ ಪಾವತಿಯ ಪುಟ, ಖಾತೆಯ ಪುಟಗಳಲ್ಲಿ ಯಾವ ಹೊರಗಿನ ಸ್ಕ್ರಿಪ್ಟೂ ಇರಬಾರದು. ಆಮೇಲೆ 1234512345 ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಏನೂ ಸಿಗದಿದ್ದರೆ ಮಾತ್ರ ಮುಂದಿನ ಹಂತ.

ಹಂತ 5: ಗೂಗಲ್ ಅನಲಿಟಿಕ್ಸ್ ಉಳಿಸಿಕೊಳ್ಳುವುದಾದರೆ

‘ಅಡ್ಮಿನ್’ ಒಳಗೆ ‘ಅಕೌಂಟ್ ಡೀಟೇಲ್ಸ್’ ತೆರೆಯಿರಿ. ಡೇಟಾ ಹಂಚಿಕೆಯ ಚೌಕಗಳು ಅಲ್ಲಿವೆ. ನಿಮ್ಮ ಸೈಟಿನ ಅಂಕಿಅಂಶವನ್ನು ಗೂಗಲ್‌ನ ಬೇರೆ ಉತ್ಪನ್ನಗಳಿಗೂ ಅಲ್ಲಿನ ಸಿಬ್ಬಂದಿಗೂ ಬಿಟ್ಟುಕೊಡುವ ಅನುಮತಿ ಇದು. ಖಾತೆ ತೆರೆಯುವ ಆತುರದಲ್ಲಿ ಓದದೆ ಮುಂದೆ ಹೋಗಿರುತ್ತೇವೆ. ಟಿಕ್‌ಗಳನ್ನು ತೆಗೆಯಿರಿ. ಇದರಿಂದ ನಿಮ್ಮ ಸಾಮಾನ್ಯ ವರದಿಗಳು ನಿಲ್ಲುವುದಿಲ್ಲ.

ಮುಂದೆ ‘ಡೇಟಾ ಕಲೆಕ್ಷನ್’. ‘ಗೂಗಲ್ ಸಿಗ್ನಲ್ಸ್’ (ಗೂಗಲ್ ಖಾತೆಗೆ ಲಾಗಿನ್ ಆದ ಓದುಗರ ಮಾಹಿತಿ ಜೋಡಿಸುವ ಸೌಲಭ್ಯ) ಆಫ್ ಮಾಡಿ. ಸ್ಥಳ ಮತ್ತು ಸಾಧನದ ಸೂಕ್ಷ್ಮ ವಿವರ ಸಂಗ್ರಹಿಸುವ ಗುಂಡಿಯೂ ಅಲ್ಲೇ ಇದೆ, ಅದನ್ನೂ ಆಫ್ ಮಾಡಿ. ‘ಡೇಟಾ ರಿಟೆನ್ಷನ್’ನಲ್ಲಿ ಉಚಿತ ಖಾತೆಗೆ 2 ತಿಂಗಳು ಮತ್ತು 14 ತಿಂಗಳು ಎಂಬ ಆಯ್ಕೆಗಳಿವೆ. 2 ಇಡಿ. ಓದುಗರು ಮತ್ತೆ ಬಂದಾಗಲೆಲ್ಲ ಗಡುವನ್ನು ಮೊದಲಿನಿಂದ ಎಣಿಸುವ ‘ರೀಸೆಟ್’ ಗುಂಡಿಯನ್ನು ಆಫ್ ಮಾಡಿ.

ಆಮೇಲೆ ‘ಡೇಟಾ ಸ್ಟ್ರೀಮ್ಸ್’ ಒಳಗೆ ನಿಮ್ಮ ಸೈಟಿನ ಹೆಸರು ಒತ್ತಿ. ‘ಎನ್‌ಹಾನ್ಸ್ಡ್ ಮೆಷರ್‌ಮೆಂಟ್’ನಲ್ಲಿ ‘ಸೈಟ್ ಸರ್ಚ್’ ಮತ್ತು ‘ಫಾರ್ಮ್ ಇಂಟರ್‌ಆಕ್ಷನ್ಸ್’ ಎರಡನ್ನೂ ನಿಲ್ಲಿಸಿ. ಅದೇ ಪುಟದಲ್ಲಿ ‘ರಿಡಾಕ್ಟ್ ಡೇಟಾ’ ಇದೆ. ಇಮೇಲ್ ಮರೆಮಾಡುವುದನ್ನು ಆನ್ ಮಾಡಿ, ವಿಳಾಸದಲ್ಲಿ ಬರಬಹುದಾದ ಹೆಸರು, ಫೋನ್ ಥರದ ಪ್ಯಾರಾಮೀಟರುಗಳ (ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ವಿವರಗಳ) ಹೆಸರನ್ನು ಪಟ್ಟಿಗೆ ಸೇರಿಸಿ. ಈ ಪಟ್ಟಿ ನೋಡುವುದು ವಿಳಾಸವನ್ನು ಮಾತ್ರ, ಶೀರ್ಷಿಕೆಯನ್ನಲ್ಲ. ನಾಲ್ಕನೇ ಹಂತ ಬಿಟ್ಟು ಇದನ್ನೇ ನಂಬಿದವರು ಕೈಸುಟ್ಟುಕೊಳ್ಳುವುದು ಇಲ್ಲೇ.

ಐಪಿ ವಿಳಾಸವನ್ನು ಉಳಿಸಿಕೊಳ್ಳುವುದಿಲ್ಲ ಎಂದು ಈಗಿನ ಆವೃತ್ತಿಯ ಬಗ್ಗೆ ಗೂಗಲ್ ಹೇಳುತ್ತದೆ. ಉಳಿಸಿಕೊಳ್ಳದಿರುವುದು ಬೇರೆ, ತಲುಪದಿರುವುದು ಬೇರೆ. ಕೋರಿಕೆ ಹೋದ ಮೇಲೆ ಐಪಿ ಅವರ ಸರ್ವರಿಗೆ ತಲುಪಿಯೇ ತಲುಪುತ್ತದೆ. ಓದುಗರಿಗೆ ಬರೆಯುವ ಸೂಚನೆಯಲ್ಲಿ ಇದನ್ನು ಸರಿಯಾಗಿ ಹೇಳಿ.

ಹಂತ 6: ಅದರ ಬದಲು ಏನು ಬಳಸಬಹುದು

ಎಷ್ಟು ಜನ ಬಂದರು, ಯಾವ ಪುಟ ಜಾಸ್ತಿ ಓದಿದರು, ಎಲ್ಲಿಂದ ಬಂದರು. ನಿಮಗೆ ಬೇಕಾದ್ದು ಇಷ್ಟೇ ಆದರೆ ಹೊರಗಿನ ಕಂಪನಿಯ ಅಗತ್ಯವೇ ಇಲ್ಲ. ನಿಮ್ಮ ಸರ್ವರು ಪ್ರತಿ ಭೇಟಿಯನ್ನೂ ಆಗಲೇ ಲಾಗ್ ಫೈಲಿನಲ್ಲಿ ಬರೆಯುತ್ತಿದೆ. ಗೋಆಕ್ಸೆಸ್ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ವರದಿ ಮಾಡಿಕೊಡುತ್ತದೆ. ಐಪಿ ಮರೆಮಾಡುವ ಆಯ್ಕೆಯೂ ಅದರಲ್ಲಿದೆ. ಆದರೆ ಹಳೆಯ ಲಾಗುಗಳನ್ನು ಅಳಿಸುವ ವ್ಯವಸ್ಥೆ ಮಾಡಿ. ವರ್ಷಗಟ್ಟಲೆ ಐಪಿ ಕೂಡಿಟ್ಟರೆ ತೂತು ಮನೆಯೊಳಗೇ ಆದ ಹಾಗೆ. ಚಿಕ್ಕ ಸೈಟುಗಳಿಗೆ ನಾನು 14 ದಿನ ಇಡುತ್ತೇನೆ.

ಇನ್ನೂ ಸ್ವಲ್ಪ ವಿವರ ಬೇಕಾದರೆ ಮ್ಯಾಟೊಮೊ ಎಂಬ ಅನಲಿಟಿಕ್ಸ್ ತಂತ್ರಾಂಶವನ್ನು ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಿ. ಐಪಿಯ ಕೊನೆಯ 2 ಬೈಟ್ ಮರೆಮಾಡುವಂತೆ ಇಡಿ. ಆಗ 203.0.113.45 ಎಂಬುದು 203.0.0.0 ಆಗಿ ದಾಖಲಾಗುತ್ತದೆ. ಕುಕೀ ಇಲ್ಲದ ಎಣಿಕೆಯನ್ನೂ ಆರಿಸಿಕೊಳ್ಳಿ. ಪ್ಲಾಸಿಬಲ್, ಉಮಾಮಿ, ಗೋಟ್‌ಕೌಂಟರ್ ಇನ್ನೂ ಹಗುರ, ಕುಕೀ ಬಳಸುವುದಿಲ್ಲ.

ಬದಲಿಸಿದ ಮೊದಲ ವಾರ ಅಂಕಿಗಳು ಹಳೆಯದಕ್ಕೆ ಹೊಂದುವುದಿಲ್ಲ. ಲಾಗಿನಲ್ಲಿ ಬಾಟ್‌ಗಳ ಭೇಟಿಯೂ ಸೇರುವುದರಿಂದ ಸಂಖ್ಯೆ ಜಾಸ್ತಿ ಕಾಣುತ್ತದೆ. ಗಾಬರಿಯಾಗಿ ವಾಪಸ್ ಹೋಗಬೇಡಿ. ಒಂದು ತಿಂಗಳು ಎರಡನ್ನೂ ಹೋಲಿಸದೆ ಹೊಸದನ್ನೇ ನೋಡಿ.

ಹಂತ 7: ಈಗ ಬ್ಯಾನರ್ ಮತ್ತು ಸೂಚನೆ

ಟ್ರ್ಯಾಕರ್ ಉಳಿದಿದ್ದರೆ ಮಾತ್ರ ಒಪ್ಪಿಗೆಯ ಬ್ಯಾನರ್ ಬೇಕಾಗುತ್ತದೆ. ‘ಬೇಡ’ ಗುಂಡಿ ‘ಸರಿ’ ಗುಂಡಿಯಷ್ಟೇ ದೊಡ್ಡದಾಗಿ, ಅದರ ಪಕ್ಕದಲ್ಲೇ ಇರಲಿ. ಒತ್ತುವ ತನಕ ಸ್ಕ್ರಿಪ್ಟ್ ಇಳಿಯಲೇಬಾರದು. ಗೂಗಲ್‌ನ ‘ಕನ್ಸೆಂಟ್ ಮೋಡ್’ (ಓದುಗರ ಒಪ್ಪಿಗೆಗೆ ತಕ್ಕಂತೆ ಟ್ಯಾಗುಗಳನ್ನು ನಡೆಸುವ ಸೌಲಭ್ಯ) ಬಳಸುವವರು ಇಲ್ಲಿ ಮೋಸ ಹೋಗುತ್ತಾರೆ. ಅದರ ‘ಅಡ್ವಾನ್ಸ್ಡ್’ ವಿಧಾನದಲ್ಲಿ ಓದುಗರು ಬೇಡ ಎಂದರೂ ಕುಕೀ ಇಲ್ಲದ ಕೋರಿಕೆಗಳು ಹೋಗುತ್ತಲೇ ಇರುತ್ತವೆ. ‘ಬೇಸಿಕ್’ ವಿಧಾನ ಆರಿಸಿಕೊಳ್ಳಿ. ಮೊದಲ ಹಂತದ ಹಾಗೆ ಇನ್‌ಕಾಗ್ನಿಟೊದಲ್ಲಿ ತೆರೆದು, ಏನೂ ಒತ್ತದೆ ನೋಡಿ. ಆಮೇಲೆ ‘ಬೇಡ’ ಒತ್ತಿ, ನಾಲ್ಕು ಪುಟ ಓಡಾಡಿ ನೋಡಿ.

ಸೂಚನೆಯನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕಾಯ್ದೆಯ ಗಡುವಿಗೆ ಕಾಯದೆ ಈಗಲೇ ಬರೆದುಬಿಡಿ. ಇಷ್ಟು ಸಾಕು:

‘ಎಷ್ಟು ಜನ ಓದುತ್ತಾರೆ ಎಂದು ತಿಳಿಯಲು ನೀವು ನೋಡಿದ ಪುಟ, ಬ್ರೌಸರಿನ ಭಾಷೆ, ಐಪಿಯ ಮೊದಲರ್ಧ ಇಷ್ಟನ್ನು ನಮ್ಮ ಸರ್ವರಿನಲ್ಲಿ 14 ದಿನ ಇಡುತ್ತೇವೆ. ಬೇರೆ ಯಾರಿಗೂ ಕೊಡುವುದಿಲ್ಲ. ಪ್ರಶ್ನೆ ಇದ್ದರೆ ಈ ಇಮೇಲಿಗೆ ಬರೆಯಿರಿ.’

ನಿಮ್ಮ ಸೈಟಿನಲ್ಲಿ ನಿಜವಾಗಿ ನಡೆಯುವುದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಬೇರೆ ಸೈಟಿನ ಪ್ರೈವಸಿ ಪಾಲಿಸಿ ನಕಲು ಮಾಡಿದರೆ ನೀವು ಮಾಡದ್ದನ್ನು ಮಾಡುತ್ತೇವೆ ಎಂದೂ, ಮಾಡುವುದನ್ನು ಇಲ್ಲ ಎಂದೂ ಬರೆದಂತಾಗುತ್ತದೆ.

ಶಾಲೆ, ಟ್ಯೂಷನ್, ಮಕ್ಕಳ ಕತೆಯ ಸೈಟ್ ನಡೆಸುವವರಿಗೆ ಇನ್ನೂ ಎಚ್ಚರ ಬೇಕು. ಅದೇ ಕಾಯ್ದೆಯ 9ನೇ ಸೆಕ್ಷನ್ 18 ವರ್ಷದೊಳಗಿನವರನ್ನು ಟ್ರ್ಯಾಕ್ ಮಾಡುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ, ಕೆಲವೇ ವಿನಾಯಿತಿಗಳಿವೆ. ಯುರೋಪಿನಲ್ಲಿ ಕನ್ನಡ ಕೂಟದ ಸೈಟ್ ನೋಡಿಕೊಳ್ಳುವವರಿಗೆ ಅಲ್ಲಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್ ಅನ್ವಯಿಸುತ್ತದೆ.

ಹಂತ 8: ಹಳೆಯ ಡೇಟಾ, ಹಳೆಯ ಕೀಲಿಕೈಗಳು

ಎರಡನೇ ಹಂತದಲ್ಲಿ ಫೋನ್ ನಂಬರು, ಇಮೇಲ್ ಸೋರಿದ್ದು ಕಂಡಿದ್ದರೆ ಅನಲಿಟಿಕ್ಸಿನ ಅಡ್ಮಿನ್ನಿನಲ್ಲಿ ‘ಡೇಟಾ ಡಿಲೀಷನ್ ರಿಕ್ವೆಸ್ಟ್’ ಹಾಕಿ ಅಳಿಸಿ. ತೂತು ಮುಚ್ಚಿದ ಮೇಲೆಯೇ ಹಾಕಿ, ಇಲ್ಲದಿದ್ದರೆ ನಾಳೆ ಮತ್ತೆ ತುಂಬುತ್ತದೆ. ನಂತರ ‘ಆಕ್ಸೆಸ್ ಮ್ಯಾನೇಜ್‌ಮೆಂಟ್’ ತೆರೆದು ಯಾರ ಯಾರ ಇಮೇಲ್ ಇದೆ ನೋಡಿ. ಕೆಲಸ ಬಿಟ್ಟವರು, ಹಳೆಯ ಏಜೆನ್ಸಿಯವರು ಇದ್ದರೆ ತೆಗೆಯಿರಿ. ಲುಕರ್ ಸ್ಟುಡಿಯೊ (ಗೂಗಲ್ಲಿನ ವರದಿ ತಯಾರಿಸುವ ಸೇವೆ) ವರದಿಗಳನ್ನು ‘ಕೊಂಡಿ ಇದ್ದ ಯಾರಾದರೂ ನೋಡಬಹುದು’ ಎಂದು ಹಂಚಿದ್ದರೆ ಅದನ್ನೂ ಮುಚ್ಚಿ.

ಈ ಲಕ್ಷಣ ಕಂಡರೆ ಮತ್ತೆ ಮೊದಲ ಹಂತಕ್ಕೆ ಹೋಗಿ

ವರದಿಯ ಪುಟಗಳ ಪಟ್ಟಿಯಲ್ಲಿ ಶೇಕಡಾ ಚಿಹ್ನೆ ತುಂಬಿದ ಉದ್ದನೆಯ ವಿಳಾಸಗಳು ಕಾಣಿಸಿದರೆ. ಅಟ್ ಚಿಹ್ನೆ (@) ಅಥವಾ ಹತ್ತಂಕಿಯ ಸಂಖ್ಯೆ ಎಲ್ಲಾದರೂ ಇದ್ದರೆ. ಪುಟ ನೋಡಿದ ಲೆಕ್ಕ ರಾತ್ರೋರಾತ್ರಿ ಸರಿಯಾಗಿ ಎರಡರಷ್ಟಾದರೆ, ಥೀಮ್ ಮತ್ತು ಪ್ಲಗಿನ್ ಎರಡರಲ್ಲೂ ಒಂದೇ ಕೋಡ್ ಇರುವ ಸಾಧ್ಯತೆ ಹೆಚ್ಚು. ಥೀಮ್ ಬದಲಿಸಿದಾಗ, ಚಾಟ್ ಪೆಟ್ಟಿಗೆ ಅಥವಾ ಪೇಮೆಂಟ್ ಗುಂಡಿ ಹೊಸದಾಗಿ ಸೇರಿಸಿದಾಗ ಯಾವ ಲಕ್ಷಣಕ್ಕೂ ಕಾಯಬೇಡಿ. ಇನ್‌ಕಾಗ್ನಿಟೊ ತೆರೆದು, 1234512345 ಹಾಕಿ, ಅದು ಎಲ್ಲಿಗೆ ಹೋಗುತ್ತದೆ ನೋಡಿ.